ಝಡ್‌ಎಲ್-1 ಕಮಾರೋನೋ, ಬಾಸ್ 429 ಮಸ್ಟಾಂಗೋ?

ಹಳೇ ಅಮೆರಿಕನ್ ಕಾರು ಕೊಳ್ಳಬೇಕು ಅನ್ನುವವರು ಈ ಎರಡು ಅಪರೂಪದ ಗಾಡಿಗಳಲ್ಲಿ ಯಾವುದನ್ನು ಹುಡುಕಬೇಕು? ಶೆವರ್ಲೆ ಕಮಾರೋ ಝಡ್‌ಎಲ್-1 ತಯಾರಾಗಿದ್ದು 1969ರಲ್ಲಿ ಮಾತ್ರ, ಅದೂ ಬರೀ 69. ಫೋರ್ಡ್ ಬಾಸ್ 429 ಮಸ್ಟಾಂಗ್ 1969-70ರಲ್ಲಿ ಸುಮಾರು 1,350. ಹಾಗಾಗಿ ಮಾರಾಟಕ್ಕೆ ಕಣ್ಣಿಗೆ ಬೀಳುವುದು ಮಸ್ಟಾಂಗೇ ಜಾಸ್ತಿ.

ಆದರೆ ಗಾಡಿ ಸಿಗುವುದು ಒಂದು ಕಥೆ, ಅದು ಅಸಲಿಯೋ ಅಂತ ತಿಳಿಯುವುದು ಇನ್ನೊಂದು. ಆ ವರ್ಷದ ಕಮಾರೋದ ವಿನ್ ನಂಬರ್ (ಪ್ರತಿ ಗಾಡಿಗೂ ಕಂಪನಿ ಕೊಡುವ ಗುರುತಿನ ಸಂಖ್ಯೆ) ಆರು ಸಿಲಿಂಡರೋ ಎಂಟೋ ಅಂತಷ್ಟೇ ಹೇಳುತ್ತದೆ. ಯಾವ ವಿ8 (ಎಂಟು ಸಿಲಿಂಡರಿನ ಎಂಜಿನ್) ಅನ್ನುವುದು ಅದರಲ್ಲಿಲ್ಲ. ಸಾಮಾನ್ಯ ವಿ8 ಕಮಾರೋಗೆ ಝಡ್‌ಎಲ್-1ರ 427 ಘನ ಇಂಚಿನ ಅಲ್ಯೂಮಿನಿಯಂ ಎಂಜಿನ್ ಕೂರಿಸಿ 'ಇದೇ ಅದು' ಅಂದರೆ? ಆಗಿನ ಡೀಲರ್ ಇನ್ವಾಯ್ಸ್, ಎಂಜಿನ್ ಮೇಲಿನ ಅಚ್ಚು, ಹಳೇ ಮಾಲೀಕರ ಕಾಗದಪತ್ರ, ಎಲ್ಲವೂ ತಾಳೆಯಾಗಬೇಕು. ಕಾಗದವಿಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ.

ಮಸ್ಟಾಂಗ್‌ನಲ್ಲಿ ಇಷ್ಟು ತಲೆನೋವಿಲ್ಲ. ವಿನ್‌ನ ಐದನೇ ಅಕ್ಷರ 'ಝಡ್' ಇರಬೇಕು. ಆ ದೊಡ್ಡ ಎಂಜಿನ್ ಹಿಡಿಸಲು ಮಿಷಿಗನ್‌ನ ಕಾರ್ ಕ್ರಾಫ್ಟ್ ಕಂಪನಿ ಮುಂಭಾಗವನ್ನೇ ಬದಲಿಸಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿತ್ತು. ಬಾಗಿಲಿಗೆ ತನ್ನ 'ಕೆಕೆ' ನಂಬರಿನ ಸ್ಟಿಕ್ಕರ್ ಅಂಟಿಸಿತ್ತು. (ಸ್ಟಿಕ್ಕರ್ ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಅನ್ನಿ.) ಅದಕ್ಕೇ ಮಾರ್ಟಿ ರಿಪೋರ್ಟ್ (ಗಾಡಿ ಮೂಲದಲ್ಲಿ ಹೇಗೆ ತಯಾರಾಗಿತ್ತು ಅನ್ನುವ ವರದಿ) ತರಿಸಿ. ಅದು ಫೋರ್ಡ್‌ನ ತಯಾರಿಕೆ ದಾಖಲೆಯಿಂದಲೇ ಬರುತ್ತದೆ.

ಮೊದಲ ಸಲ ಹುಡುಕುತ್ತಿದ್ದೀರಾ? ಸುಮ್ನೆ ಮಸ್ಟಾಂಗ್ ಹಿಂದೆ ಹೋಗಿ.