ಚಿಪಿಂಗ್ ಕ್ಯಾಂಪ್ಡನ್: ಹೆಸರಲ್ಲೇ ಸಂತೆ ಇರುವ ಊರು

ನಾನು ಚಳ್ಳಕೆರೆಯವನು. ಇಪ್ಪತ್ತೆಂಟು ವರ್ಷ ಕಂಬಳಿ ನೇಕಾರರ ಸೊಸೈಟಿಯಲ್ಲಿ ಲೆಕ್ಕ ಬರೆದವನು. ಈ ಸಲ ಲಂಡನ್ನಿಗೆ ಮಗಳ ಮನೆಗೆ ಬಂದಾಗ "ಅಪ್ಪಾ, ಏನು ನೋಡ್ತೀಯ?" ಅಂದಳು. ಉಣ್ಣೆ ವ್ಯಾಪಾರದಿಂದ ಬೆಳೆದ ಊರು ಯಾವುದಾದರೂ ಇದ್ದರೆ ತೋರಿಸು ಅಂದೆ. ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ನಡುವಿನ ಈ ಪುಟ್ಟ ಊರಿಗೆ ಕರೆದುಕೊಂಡು ಹೋದಳು.

'ಚಿಪಿಂಗ್' ಅಂದರೆ ಹಳೇ ಇಂಗ್ಲಿಷಿನಲ್ಲಿ ಸಂತೆ ಎಂದೇ ಅರ್ಥವಂತೆ. ನಮ್ಮ ಸಂತೆಬೆನ್ನೂರಿನ ಹಾಗೆ, ಅಲ್ವಾ? ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಮೋರ್ಟನ್-ಇನ್-ಮಾರ್ಷ್ ಎಂಬ ಊರಿನವರೆಗೆ ರೈಲು, ಅಲ್ಲಿಂದ ಬಸ್ಸು.

ಹೈ ಸ್ಟ್ರೀಟ್‌ನ ಮನೆಗಳೆಲ್ಲ ಜೇನಿನ ಬಣ್ಣದ ಕಲ್ಲಿನವು. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ಬೀದಿಯಲ್ಲಿರುವ ಮಾರ್ಕೆಟ್ ಹಾಲ್ ಬಿಟ್ಟು ಬೇರೆ ಕಡೆ ಕಣ್ಣು ಹೋಗಲಿಲ್ಲ. 1627ರಲ್ಲಿ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ಸಾಹುಕಾರ ಕಟ್ಟಿಸಿದ್ದು. ಕಲ್ಲಿನ ಕಮಾನುಗಳು, ಮೇಲೆ ಮರದ ತೊಲೆಗಳ ಚಾವಣಿ. ಗಾಳಿ ಬೆಳಕು ಧಾರಾಳ. ಇಲ್ಲಿ ಉಣ್ಣೆ ಮಾರುತ್ತಿರಲಿಲ್ಲ. ಬೆಣ್ಣೆ, ಚೀಸ್, ಕೋಳಿ ತಂದ ಹಳ್ಳಿ ಜನಕ್ಕೆ ಮಳೆ ಬಿಸಿಲಿನಿಂದ ನೆರಳಾಗಲಿ ಅಂತ ಕಟ್ಟಿದ್ದು. ಅದೇ ನನಗೆ ಹಿಡಿಸಿತು. ದೊಡ್ಡ ವ್ಯಾಪಾರಿಗೆ ಹೇಗೂ ಗೋದಾಮು ಇರುತ್ತದೆ. ನಾಲ್ಕು ಕೋಳಿ ತಂದವಳಿಗೆ ನೆರಳು ಬೇಕು. ನಮ್ಮಲ್ಲಿ ಎಷ್ಟೋ ಸಂತೆ ಮೈದಾನಗಳಲ್ಲಿ ಇವತ್ತಿಗೂ ಅದು ಇಲ್ಲ.

ನೆಲದ ಕಲ್ಲು ಸವೆದು ಏರುಪೇರಾಗಿದೆ. ನಾನು ಶೂ ಬಿಚ್ಚಿ ಸ್ವಲ್ಪ ಹೊತ್ತು ಅದರ ಮೇಲೆ ನಿಂತೆ. ತಣ್ಣಗಿತ್ತು. 1940ರ ದಶಕದಲ್ಲಿ ಈ ಹಾಲ್ ಅಮೆರಿಕದವರ ಪಾಲಾಗುವುದರಲ್ಲಿತ್ತಂತೆ. ಊರಿನವರೇ ದುಡ್ಡು ಕೂಡಿಸಿ ಉಳಿಸಿಕೊಂಡು, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಒಳಗೆ ಹೋಗಲು ಟಿಕೆಟ್ ಇಲ್ಲ.

ಉಣ್ಣೆಯ ಕಥೆ ಬೇಕಾದವರು ಸೇಂಟ್ ಜೇಮ್ಸ್ ಚರ್ಚಿಗೆ ಹೋಗಬೇಕು. ಅಲ್ಲಿ ವಿಲಿಯಂ ಗ್ರೆವೆಲ್ ಎಂಬ ವ್ಯಾಪಾರಿಯ ಸಮಾಧಿಯ ಹಿತ್ತಾಳೆ ಫಲಕವಿದೆ. ತೀರಿಕೊಂಡಿದ್ದು 1401ರಲ್ಲಿ. 'ಇಡೀ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳಲ್ಲಿ ಹೂವಿನಂಥವನು' ಎಂದು ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆದಿದ್ದಾರೆ. ಅವನ ಮನೆ ಹೈ ಸ್ಟ್ರೀಟ್‌ನಲ್ಲಿ ಇನ್ನೂ ಗಟ್ಟಿಯಾಗಿ ನಿಂತಿದೆ. ಕಾಟ್ಸ್‌ವೋಲ್ಡ್ ಕುರಿಯ ಉಣ್ಣೆ ಉದ್ದ, ಹಣೆಯ ಮೇಲೆ ಕೂದಲಿನಂತೆ ಇಳಿಬೀಳುತ್ತದೆ. ನಮ್ಮ ಕರಿ ಕುರಿಯದು ಗಿಡ್ಡ, ಒರಟು. ಆದರೂ ಉಣ್ಣೆಯವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ನೋಡಿ ನನ್ನ ಕಣ್ಣು ತುಂಬಿತು. ನಮ್ಮ ಕಂಬಳಿ ನೇಕಾರರ ಹೆಸರು ಯಾವ ಕಲ್ಲಿನ ಮೇಲೂ ನಾನು ಕಂಡಿಲ್ಲ.

ಚರ್ಚಿನ ದಾರಿಯಲ್ಲಿ 1612ರ ಬಡವರ ಮನೆಗಳ ಸಾಲಿದೆ. ಅದೂ ಹಿಕ್ಸ್ ಕಟ್ಟಿಸಿದ್ದೇ. ಅದರೆದುರು ರಸ್ತೆ ಪಕ್ಕ ಒಂದು ಕಲ್ಲಿನ ತಗ್ಗು. ಗಾಡಿಗಳನ್ನು ಅದರ ನೀರಿಗೆ ಇಳಿಸುತ್ತಿದ್ದರಂತೆ. ಕೆಸರೂ ಹೋಗುತ್ತದೆ, ಮರದ ಚಕ್ರ ನೆಂದು ಬಿಗಿಯೂ ಆಗುತ್ತದೆ. ಎತ್ತಿನ ಗಾಡಿ ಹೊಡೆದವರು ಸುಮ್ನೆ ದಾಟಿ ಹೋಗಬೇಡಿ, ನಿಂತು ನೋಡಿ.

ತಿಂಡಿಗೆ ಸ್ಕೋನ್ ಎಂಬ ಪುಟ್ಟ ಬನ್ನಿನಂಥ ತಿನಿಸು, ಗಟ್ಟಿ ಕೆನೆ, ಜಾಮ್ ತಿಂದೆವು. ಕೆನೆ ನಮ್ಮ ಮನೆಯ ಹಾಲಿನ ಕೆನೆಯಷ್ಟೇ ಚೆನ್ನಾಗಿತ್ತು. ಸಂಜೆ ಮತ್ತೆ ಟೀ ಬೇಕೆನಿಸಿ ಇನ್ನೊಂದು ಅಂಗಡಿಗೆ ಹೋದರೆ, ಬಾಗಿಲು ತೆರೆದೇ ಇತ್ತು, ಆದರೂ ಮುಖ ಕೂಡ ನೋಡದೆ ಮುಗೀತು ಅಂದರು. ಬೇಜಾರಾಯಿತು. ಬೆಲೆಯೂ ಜಾಸ್ತಿ. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ನಾವು ಒಂದು ಬಸ್ಸು ತಪ್ಪಿಸಿಕೊಂಡೆವು. ನಾವು ಹೋದ ದಿನ ಹಾಲ್‌ನಲ್ಲಿ ಸಂತೆ ಇರಲಿಲ್ಲ. ಸಂತೆಯ ಗದ್ದಲವೇ ಬೇಕಾದರೆ ಮಂಗಳವಾರ ಹೊರಡಿ, ಆವತ್ತು ಮೋರ್ಟನ್-ಇನ್-ಮಾರ್ಷ್‌ನಲ್ಲಿ ಸಂತೆ ಸೇರುತ್ತದೆ. ಚಿಪಿಂಗ್ ಕ್ಯಾಂಪ್ಡನ್‌ಗೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.

ಬಸ್ಸು ತಪ್ಪಿದ ಮೇಲೆ ಮಳೆ ಶುರುವಾಯಿತು. ಮತ್ತೆ ಆ ಹಾಲ್‌ಗೇ ಓಡಿ ಬಂದು ನಿಂತೆವು. ಚಳಿಗೆಂದು ಮಗಳು ನಾನು ತಂದ ಕಂಬಳಿ ಹೊದ್ದಿದ್ದಳು. ಪಕ್ಕದಲ್ಲಿದ್ದ ಮುದುಕರೊಬ್ಬರು ಮುಟ್ಟಬಹುದಾ ಅಂತ ಕೇಳಿ, ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು. ಉಣ್ಣೆ ಗೊತ್ತಿರುವವರು ಹಾಗೇ ನೋಡೋದು. ಹಿಂದೆ ಕುರಿ ಸಾಕಿದ್ದರಂತೆ. ಮಗ್ಗದ ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಕಟ್ಟುವ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಾಕುತ್ತೇವೆ ಅಂದೆ. ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ತಲೆಯಾಡಿಸಿ, ಇದಕ್ಕೆ ಬೆಲೆ ಎಷ್ಟು ಅಂತ ಕೇಳಿದರು.

ಮಾರೋದಲ್ಲ, ಮಗಳಿಗೆ ತಂದದ್ದು ಅಂದೆ.