ಕಾಮಿಡಿ ಸ್ಕ್ರಿಪ್ಟ್ ಅದಲುಬದಲು ಸರ್ವೀಸ್: ಎಂಟು ತಿಂಗಳು ಯೂಸ್ ಮಾಡಿದ್ಮೇಲೆ ಬರೀತಿರೋ ರಿವ್ಯೂ

ಹೆಸರು ಹೇಳಲ್ಲ, ಯಾಕಂದ್ರೆ ಬೈಯೋದೂ ಸ್ವಲ್ಪ ಇದೆ. ಹವ್ಯಾಸಕ್ಕೆ ಕಾಮಿಡಿ ಬರೆಯೋರು ಒಬ್ಬರ ಸ್ಕ್ರಿಪ್ಟ್ ಇನ್ನೊಬ್ಬರು ಓದಿ ಅಭಿಪ್ರಾಯ ಹೇಳೋ ಆನ್‌ಲೈನ್ ಸರ್ವೀಸ್ ಇದು. ಒಂದು ಸ್ಕ್ರಿಪ್ಟ್ ಓದಿ ಕನಿಷ್ಠ 300 ಪದ ಫೀಡ್‌ಬ್ಯಾಕ್ ಬರೆದ್ರೆ ಒಂದು ಟೋಕನ್, ಆ ಟೋಕನ್ ಕೊಟ್ಟು ನಿಮ್ಮದನ್ನ ಓದಿಸ್ಕೋಬಹುದು, ಯಾರು ಯಾರದನ್ನ ಓದ್ತಾರೆ ಅನ್ನೋದನ್ನ ಸಿಸ್ಟಮ್ಮೇ ಡಿಸೈಡ್ ಮಾಡತ್ತೆ. ಐಡಿಯಾ ಹೊಸದೇನಲ್ಲ ಬಿಡಿ, 'ಗಾಡ್‌ಫಾದರ್' ಸಿನಿಮಾ ಡೈರೆಕ್ಟರ್ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ಝೋಟ್ರೋಪ್ ಸೈಟ್‌ನಲ್ಲಿ 2000ರ ಸುಮಾರಿಗೇ ಬೇರೆಯವರದ್ದನ್ನ ಓದಿ ರಿವ್ಯೂ ಮಾಡಿದ್ಮೇಲೇ ನಿಮ್ಮದನ್ನ ಹಾಕ್ಬೇಕು ಅನ್ನೋ ರೂಲ್ ಇತ್ತು. ಇಲ್ಲಿವರೆಗೆ ನಾನು ಓದಿದ್ದು 19 ಸ್ಕ್ರಿಪ್ಟು, ಹಾಕಿದ್ದು ನಾಲ್ಕು ಡ್ರಾಫ್ಟು, ಅದರಲ್ಲಿ ಮೂರು ಒಂದೇ ಕಥೇದು.

ಆ ಕಥೆ ಲಿಫ್ಟ್ ರಿಪೇರಿ ಮಾಡೋ ಅಣ್ಣತಮ್ಮಂದಿರದ್ದು, ಸಿಟ್‌ಕಾಮ್ ಪೈಲಟ್ (ಕಾಮಿಡಿ ಸೀರಿಯಲ್‌ನ ಮೊದಲ ಎಪಿಸೋಡು), 34 ಪುಟ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನಂಗಂತೂ ಬರೀತಾ ಬರೀತಾನೇ ನಗು ಬರ್ತಿತ್ತು, ಓದಿದೋರು ಹೊಟ್ಟೆ ಹಿಡ್ಕೊಂಡು ಬೀಳ್ತಾರೆ ಅಂದ್ಕೊಂಡೇ ಅಪ್‌ಲೋಡ್ ಮಾಡಿದ್ದು. ಮೊದಲ ಫೀಡ್‌ಬ್ಯಾಕ್ ಎರಡೇ ದಿನಕ್ಕೆ ಬಂತು, "ಸೂಪರ್ ಬ್ರೋ, ಪಾತ್ರಗಳು ತುಂಬಾ ಲೈವ್ಲಿ" ಅಂತ ಶುರು ಮಾಡಿ ಮಿಕ್ಕಿದ್ದೆಲ್ಲ ನನ್ನ ಕಥೇನೇ ನಂಗೆ ವಾಪಸ್ ಹೇಳಿದ್ರು, 300 ಪದ ತುಂಬಿಸ್ಬೇಕಲ್ಲ ಪಾಪ. ಎರಡನೇದು ಒಂದು ವಾರ ಬಿಟ್ಟು ಬಂತು. ಮೊದಲ ಸಾಲೇ, "34 ಪುಟದಲ್ಲಿ ನಾನು ಮೂರು ಸಲ ನಕ್ಕೆ, ಅದರಲ್ಲೊಂದು ಟೈಪಿಂಗ್ ಮಿಸ್ಟೇಕು." ಹುಡುಕಿ ನೋಡಿದ್ರೆ ಹೌದು, "ಅಣ್ಣ ತಲೆ ಕೆರೆದುಕೊಳ್ಳುತ್ತಾನೆ" ಅಂತ ಇರ್ಬೇಕಾದ ಕಡೆ "ಅಣ್ಣ ತಲೆ ತೆರೆದುಕೊಳ್ಳುತ್ತಾನೆ" ಅಂತ ಹೊಡೆದಿದ್ದೆ.

ಎರಡು ದಿನ ಆ ಮನುಷ್ಯನ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಕೂತು ಪೂರ್ತಿ ಓದಿದಾಗ ಗೊತ್ತಾಯ್ತು, ಅವ್ರು ಎಲ್ಲೂ ಹೀಗೆ ಬದಲಾಯಿಸಿ ಹಾಗೆ ಬದಲಾಯಿಸಿ ಅಂತ ಹೇಳೇ ಇಲ್ಲ. "9ನೇ ಪುಟದಲ್ಲಿ ಮ್ಯಾನೇಜರ್ ಹೆದರಿದ್ದು ಯಾಕೆ ಅಂತ ನಂಗೆ ಅರ್ಥ ಆಗ್ಲಿಲ್ಲ, ಅದಕ್ಕೇ 11ನೇ ಪುಟದ ಜೋಕು ತಟ್ಲಿಲ್ಲ." ಇಷ್ಟೇ. ನಾನೋ ಆ 11ನೇ ಪುಟದ ಪಂಚ್‌ಲೈನ್‌ನ ಏಳೆಂಟು ಸಲ ತಿದ್ದಿದ್ದೆ, ಒಂದೊಂದು ಪದ ಎತ್ತಿಟ್ಟು ನೋಡಿದ್ದೆ, ಕಾಯಿಲೆ ಇದ್ದಿದ್ದು ಎರಡು ಪುಟ ಹಿಂದೆ ಸೆಟಪ್‌ನಲ್ಲಿ, ಅಂದ್ರೆ ಜೋಕಿಗೆ ನೆಲ ಹದ ಮಾಡೋ ಜಾಗದಲ್ಲಿ. ಮ್ಯಾನೇಜರ್‌ಗೆ ಮುಚ್ಚಿದ ಜಾಗ ಅಂದ್ರೆ ಭಯ ಅನ್ನೋದು ನನ್ನ ತಲೇಲಿತ್ತು, ಪೇಪರ್ ಮೇಲೆ ಇರ್ಲೇ ಇಲ್ಲ! ಒಂದು ಸಾಲು ಸೇರಿಸ್ದೆ, ಪಂಚ್ ಮುಟ್ಲೇ ಇಲ್ಲ, ಮುಂದಿನ ಡ್ರಾಫ್ಟ್ ಓದಿದ ಇಬ್ರೂ ಅಲ್ಲೇ ನಕ್ಕಿದ್ರು. ಓದೋನಿಗೆ ಎಲ್ಲಿ ಎಡವಿದ್ದು ಅಂತ ಕರೆಕ್ಟಾಗಿ ಗೊತ್ತಿರತ್ತೆ, ಆದ್ರೆ ಯಾವ ಕಲ್ಲು ತೆಗೀಬೇಕು ಅಂತ ಅವನು ಹೇಳಕ್ಕೆ ಹೊರಟ್ರೆ ಹತ್ತಕ್ಕೆ ಎಂಟು ಸಲ ತಪ್ಪೇ ಹೇಳ್ತಾನೆ. "ನಾನಾಗಿದ್ರೆ ಹೀಗೆ ಬರೀತಿದ್ದೆ" ಅಂತ ಶುರುವಾಗಿ ಒಂದು ಪುಟ ಅವರ ಸ್ವಂತ ಜೋಕು ತುಂಬಿರೋ ಫೀಡ್‌ಬ್ಯಾಕ್ ನಂಗೆ ಮೂರು ಬಂದಿದೆ, ಮೂರಕ್ಕೂ ಥ್ಯಾಂಕ್ಸ್ ಹೇಳಿ ಮುಚ್ಚಿಟ್ಟಿದೀನಿ.

ಈ ಸರ್ವೀಸ್‌ನಲ್ಲಿ ನಂಗೆ ತುಂಬಾ ಇಷ್ಟವಾದ ಫೀಚರ್ ಒಂದಿದೆ. ಓದ್ತಾ ಓದ್ತಾ ನಗು ಬಂದ್ರೆ ಅಲ್ಲೇ ಒಂದು ಬಟನ್ ಒತ್ಬಹುದು, ಮಾರ್ಜಿನ್‌ನಲ್ಲಿ ಗುರುತು ಬೀಳತ್ತೆ. ಇದರ ಬೆಲೆ ನಂಗೆ ಗೊತ್ತಾಗಿದ್ದು ನಾನೇ ಒಂದು ತಪ್ಪು ಮಾಡಿದ್ಮೇಲೆ. ಯಾರದೋ ಸ್ಕ್ರಿಪ್ಟ್‌ಗೆ 700 ಪದ ಬರ್ದಿದ್ದೆ, ಎಲ್ಲಾ ತಪ್ಪುಗಳ ಲಿಸ್ಟು, ನೀಟಾಗಿ ಪುಟದ ನಂಬರ್ ಸಮೇತ, ನಂಗೇ ಹೆಮ್ಮೆ ಆಗೋಷ್ಟು. ಅವರು ವಾಪಸ್ ಒಂದೇ ಪ್ರಶ್ನೆ ಕೇಳಿದ್ರು, "ಎಲ್ಲಾದ್ರೂ ನಗು ಬಂತಾ?" ಬಂದಿತ್ತು ಮಾರಾಯ್ರೆ, ಆರು ಕಡೆ ಬಂದಿತ್ತು, ಒಂದು ಕಡೆಯಂತೂ ಜೋರಾಗಿ! ಬಟನ್ ಒಂದಿದೆ ಅಂತ ನೋಡಿರ್ಲಿಲ್ಲ, ಬರವಣಿಗೇಲೂ ಹೇಳಿರ್ಲಿಲ್ಲ, ಚೆನ್ನಾಗಿರೋದು ಅವರಿಗೆ ಗೊತ್ತೇ ಇರತ್ತೆ ಅಂದ್ಕೊಂಡಿದ್ದೆ. ಅವರೋ ಆ ಜೋರಾಗಿ ನಕ್ಕ ಸೀನನ್ನೇ ಕಿತ್ತು ಹಾಕಿ ಹೊಸ ಡ್ರಾಫ್ಟ್ ಶುರು ಮಾಡ್ಬಿಟ್ಟಿದ್ರಂತೆ. ಅವತ್ತಿಂದ ನಾನು ಮೊದಲು ನಕ್ಕ ಜಾಗಗಳನ್ನ ಬರೀತೀನಿ, ಎಡವಿದ್ದು ಆಮೇಲೆ. ಮನಸ್ಸಿಗೆ ಹಿತವಾಗ್ಲಿ ಅಂತ ಅಲ್ಲ, ತಿದ್ದೋವಾಗ ಯಾವ ಗೋಡೆ ಒಡೀಬಾರ್ದು ಅಂತ ಗೊತ್ತಿರ್ಲಿ ಅಂತ.

ಆದ್ರೆ ಆ ಗುರುತನ್ನ ಅಂಕಪಟ್ಟಿ ಥರ ನೋಡೋರು ಜಾಸ್ತಿ, ಮೂರು ಪುಟ ಖಾಲಿ ಬಿದ್ರೆ ಎದೆ ಒಡ್ಕೋತಾರೆ. ಮನುಷ್ಯ ಒಬ್ಬನೇ ಕೂತಾಗ ನಗೋದೇ ಕಮ್ಮಿ. ನಗುವಿನ ಬಗ್ಗೆ ವರ್ಷಗಟ್ಟಲೆ ಸ್ಟಡಿ ಮಾಡಿದ ರಾಬರ್ಟ್ ಪ್ರೊವೈನ್ ಅನ್ನೋ ವಿಜ್ಞಾನಿ, ಜನ ಒಬ್ಬರೇ ಇದ್ದಾಗಿನದಕ್ಕಿಂತ ಜೊತೇಲಿ ಯಾರಾದ್ರೂ ಇದ್ದಾಗ ನಗೋದು ಸುಮಾರು 30 ಪಟ್ಟು ಜಾಸ್ತಿ ಅಂತ ತೋರಿಸಿದ್ರು. ರಾತ್ರಿ ಹನ್ನೆರಡಕ್ಕೆ ಟೋಕನ್‌ಗೋಸ್ಕರ ನಿಮ್ಮ ಸ್ಕ್ರಿಪ್ಟ್ ಓದೋನು ಮೂಗಲ್ಲಿ ಒಂಚೂರು ಗಾಳಿ ಬಿಟ್ರೂ ಅದು ನಗು ಅಂತ್ಲೇ ಲೆಕ್ಕ. ವಾಯ್ಸ್ ಕಾಲ್‌ನಲ್ಲಿ ಎಲ್ಲರೂ ಒಂದೊಂದು ಪಾತ್ರ ಹಂಚ್ಕೊಂಡು ಓದೋ ಟೇಬಲ್ ರೀಡ್ ರೂಮೂ ಇದೆ ಇಲ್ಲಿ, ಎರಡು ಟೋಕನ್ ತಗೋಳತ್ತೆ, ಕೊಡಿ. ಮಾರ್ಜಿನ್‌ನಲ್ಲಿ ಸತ್ತು ಮಲಗಿದ್ದ ನನ್ನ 20ನೇ ಪುಟ ಅಲ್ಲಿ ಎದ್ದು ಕೂತ್ಕೊಳ್ತು, ಪೇಪರ್ ಮೇಲೆ ಸೂಪರ್ ಅನ್ನಿಸಿದ್ದ ಇನ್ನೊಂದು ಡೈಲಾಗು ಹೇಳಕ್ಕೇ ಉಸಿರು ಸಾಲ್ದೆ ಅರ್ಧಕ್ಕೆ ಬಿತ್ತು.

ಈಗ ಬೈಗುಳ. ಫೀಡ್‌ಬ್ಯಾಕ್ ತಗೊಂಡೋರು ಓದಿದೋರಿಗೆ ಸ್ಟಾರ್ ಕೊಡ್ತಾರೆ, ಸ್ಟಾರ್ ಕಮ್ಮಿ ಆದ್ರೆ ನಿಮ್ಮ ಸ್ಕ್ರಿಪ್ಟ್ ಕ್ಯೂನಲ್ಲಿ ಹಿಂದಕ್ಕೆ ಹೋಗತ್ತೆ. ಯೋಚ್ನೆ ಮಾಡಿ, ಯಾರಾದ್ರೂ ನಿಜ ಹೇಳ್ತಾರಾ? ನೀ ನನಗಿದ್ರೆ ನಾ ನಿನಗೆ, ಅಷ್ಟೇ. ಒಬ್ಬರಿಗೆ "ನಿಮ್ಮ ಹೀರೋ ಮೊದಲ 12 ಪುಟದಲ್ಲಿ ಏನೂ ಬಯಸ್ತಾ ಇಲ್ಲ, ಅವನಿಗೆ ಏನು ಬೇಕು ಅಂತ ಗೊತ್ತಿಲ್ದೆ ಅವನ ಫಜೀತಿ ನೋಡಿ ನಗು ಬರ್ತಿಲ್ಲ" ಅಂತ ಬರ್ದೆ, ಎರಡು ಸ್ಟಾರ್ ಬಿತ್ತು, ಜೊತೆಗೆ "ನಿಮಗೆ ಹಾಸ್ಯಪ್ರಜ್ಞೆ ಇಲ್ಲ" ಅಂತ ಸರ್ಟಿಫಿಕೇಟು. ಆಮೇಲೆ ಒಂದು ತಿಂಗಳು ನಾನೂ ಎಲ್ಲರಿಗೂ ಸಕ್ಕರೆ ಹಂಚಿದೀನಿ, ಒಪ್ಕೋತೀನಿ, ನನ್ನ ಡ್ರಾಫ್ಟ್ ಕ್ಯೂನಲ್ಲಿತ್ತು. ಇದನ್ನ ಸಪೋರ್ಟ್‌ಗೆ ಬರ್ದೆ, "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಆಟೋ ರಿಪ್ಲೈ ಬಂತು. ಫೀಡ್‌ಬ್ಯಾಕ್ ಮಾರೋ ಕಂಪನಿ!

ಕನ್ನಡದಲ್ಲಿ ಬರೆಯೋರಿಗೆ ಇನ್ನೂ ಮೂರು ವಿಷಯ. ಸೈಟೇ ಪಿಡಿಎಫ್ ಮಾಡೋವಾಗ ಒತ್ತಕ್ಷರ ಚೆಲ್ಲಾಪಿಲ್ಲಿ ಆಗತ್ತೆ, ನೀವೇ ಎಕ್ಸ್‌ಪೋರ್ಟ್ ಮಾಡಿ ಹಾಕಿ. ಸ್ಕ್ರಿಪ್ಟಿನ ಒಂದು ಪುಟ ಅಂದ್ರೆ ತೆರೆ ಮೇಲೆ ಸುಮಾರು ಒಂದು ನಿಮಿಷ ಅನ್ನೋ ಲೆಕ್ಕ ಇಂಗ್ಲಿಷ್‌ನ 12 ಪಾಯಿಂಟ್ ಕೊರಿಯರ್ ಫಾಂಟ್‌ಗೆ ಹುಟ್ಟಿದ್ದು, ನಮ್ಮ ಅಕ್ಷರಕ್ಕೆ ಅದು ಕೂರಲ್ಲ, ಗಡಿಯಾರ ಇಟ್ಕೊಂಡು ಗಟ್ಟಿಯಾಗಿ ಓದಿ ನೋಡೋದೇ ದಾರಿ. ಇನ್ನೊಂದು, ಸರ್ವೀಸ್‌ನೋರು ಕೊಡೋ ಗೈಡ್‌ನಲ್ಲಿ "ನಗಿಸೋ ಪದ ವಾಕ್ಯದ ಕೊನೇಲಿರ್ಲಿ" ಅಂತಿದೆ. ಸರಿ, ಆದ್ರೆ ಕನ್ನಡದಲ್ಲಿ ಕೊನೇಲಿ ಕ್ರಿಯಾಪದ ಬಂದು ಕೂರತ್ತಲ್ಲ. "ಇಂಟರ್ವ್ಯೂಗೆ ಹನ್ನೊಂದು ಜನ ಬಂದಿದ್ವಿ, ನಾನು ಹನ್ನೆರಡನೇ ರ‍್ಯಾಂಕ್ ಬಂದಿದೀನಿ ಅಂತ ಹೇಳಿದ್ರು" ಅಂದ್ರೆ ಜೋಕು ಮಧ್ಯದಲ್ಲೇ ಬಿದ್ದುಹೋಯ್ತು, ಆಮೇಲಿಂದೆಲ್ಲ ಬಾಲ. "ಬಂದಿದ್ದು ಹನ್ನೊಂದು ಜನ, ನಂಗೆ ಸಿಕ್ಕ ರ‍್ಯಾಂಕು ಹನ್ನೆರಡು" ಅಂದು ನೋಡಿ. ಇದನ್ನ ಹೇಳ್ಕೊಟ್ಟಿದ್ದು ಗೈಡ್ ಅಲ್ಲ, ನಾನು ಬೇರೆಯವರ ಸ್ಕ್ರಿಪ್ಟ್‌ನಲ್ಲಿ ಯಾಕಪ್ಪಾ ಈ ಜೋಕು ಕುಂಟ್ತಾ ಇದೆ ಅಂತ ಅವರಿಗೆ ವಿವರಿಸಕ್ಕೆ ಹೋಗಿ ಅರ್ಧ ಗಂಟೆ ಒದ್ದಾಡಿದ್ದು. ನನ್ನ ಸ್ಕ್ರಿಪ್ಟ್ ತೆಗೆದು ನೋಡಿದ್ರೆ ಅದೇ ಬಾಲ ಹದಿನಾಲ್ಕು ಕಡೆ.

ಹಾಗಾಗಿ ಐದಕ್ಕೆ ಮೂರೂವರೆ ಸ್ಟಾರ್. ಸ್ಟಾರ್ ಸಿಸ್ಟಮ್ ಕಿತ್ತಾಕಿದ್ರೆ ನಾಲ್ಕೂವರೆ ಕೊಡ್ತಿದ್ದೆ, ಆಗ ಕೊಡಕ್ಕೆ ಸ್ಟಾರೇ ಇರಲ್ಲ, ಅದು ಬೇರೆ ವಿಷಯ. ನಾನಿನ್ನೂ ಬಿಟ್ಟಿಲ್ಲ. ಮೂರನೇ ಡ್ರಾಫ್ಟ್‌ನಲ್ಲಿ ಆ ಟೈಪಿಂಗ್ ಮಿಸ್ಟೇಕನ್ನೇ ಉಳಿಸ್ಕೊಂಡೆ, ಆ ಅಣ್ಣತಮ್ಮಂದಿರಲ್ಲಿ ತಮ್ಮನಾದೋನು ಕಸ್ಟಮರ್‌ಗೆ ಕಳಿಸೋ ರಿಪೇರಿ ರಿಪೋರ್ಟಲ್ಲೆಲ್ಲ ಇಂಥದ್ದೇ ತಪ್ಪು ಮಾಡೋನು ಅಂತ ಪಾತ್ರ ತಿದ್ದಿ, ಸೀನ್ ಕೊನೇಲಿ ಮ್ಯಾನೇಜರ್ ಕೈಲಿ "ನಮ್ಮಣ್ಣ ಲಿಫ್ಟ್ ನೋಡಿ ತಲೆ ತೆರೆದುಕೊಂಡರು" ಅಂತ ಗಂಭೀರವಾಗಿ ಓದಿಸ್ದೆ. ಐದು ಜನ ಓದಿದಾರೆ. ನಾಲ್ಕು ಜನ ಅಲ್ಲಿ ಗುರುತು ಒತ್ತಿದಾರೆ, ಐದನೆಯವರು "ಇಲ್ಲಿ ಸ್ಪೆಲ್ಲಿಂಗ್ ತಪ್ಪಾಗಿದೆ, ಸರಿ ಮಾಡ್ಕೊಳ್ಳಿ" ಅಂತ ನೋಟ್ ಬರ್ದಿದಾರೆ.