ಅಕ್ಕನ ಮನೆಗೆ ಹಾಕಿದ ಕಳ್ಳರ ಅಲಾರಂ, ಒಂದು ಮಳೆಗಾಲ ಕಳೆದ ಮೇಲೆ

ಸಾಗರ ತಾಲೂಕಿನ ಒಂದು ಒಳಹಳ್ಳಿಯಲ್ಲಿ ನಮ್ಮ ಅಕ್ಕ ಒಬ್ಬಳೇ ಇದ್ದಾಳೆ. ಭಾವ ಹೋಗಿ ನಾಲ್ಕು ವರ್ಷ ಆಯ್ತು, ಮಕ್ಕಳು ಬೆಂಗಳೂರಲ್ಲಿ. ಹಳೆಯ ಹಂಚಿನ ಮನೆ, ಅಂಗಳದ ಆಚೆ ಅಡಿಕೆ ಇಡುವ ಕೋಣೆ. ಪಕ್ಕದ ಮನೆ ಕೂಗಳತೆಯಲ್ಲೇ ಇದೆ, ಆದರೆ ಆಷಾಢದ ಮಳೆಯಲ್ಲಿ ಎಷ್ಟು ಕೂಗಿದರೂ ಯಾರಿಗೂ ಕೇಳಲ್ಲ. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಊರಿನ ಎರಡು ಮನೆಗಳಿಂದ ಒಣಗಿಸಿಟ್ಟ ಅಡಿಕೆ ಚೀಲಗಳು ರಾತ್ರೋರಾತ್ರಿ ಹೋದವು. ಅವತ್ತಿಂದ ಅಕ್ಕನಿಗೆ ನಿದ್ದೆ ಇಲ್ಲ. ನಾಯಿ ಬೊಗಳಿದರೆ ಸಾಕು, ಎದ್ದು ಕೂರುತ್ತಿದ್ದಳು.

ನಾನು ದೂರವಾಣಿ ಇಲಾಖೆಯಲ್ಲಿ ಲೈನ್ ಕೆಲಸ ಮಾಡಿ ನಿವೃತ್ತನಾದವನು. ತಂತಿ ಎಳೆಯೋದು, ಜಾಯಿಂಟ್ ಹಾಕೋದು ಕೈಗೆ ಹತ್ತಿದ ಕೆಲಸ. ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಯಿಂದ ಎಂಟು ಝೋನಿನ, ಅಂದರೆ ಎಂಟು ಜಾಗಗಳನ್ನು ಬೇರೆಬೇರೆಯಾಗಿ ಕಾಯುವ ಅಲಾರಂ ಕಿಟ್ ತಂದೆ. 11,800 ರೂಪಾಯಿ ಆಯ್ತು. ಪ್ಯಾನಲ್ (ಎಲ್ಲ ತಂತಿ ಬಂದು ಸೇರುವ ಮುಖ್ಯ ಡಬ್ಬಿ), ಕೀಪ್ಯಾಡ್, 12 ವೋಲ್ಟ್ 7 ಎಎಚ್ ಬ್ಯಾಟರಿ, ಆರು ಮ್ಯಾಗ್ನೆಟ್ ಸ್ವಿಚ್ (ಬಾಗಿಲು ತೆಗೆದು ಮ್ಯಾಗ್ನೆಟ್ ದೂರ ಸರಿದರೆ ಸರ್ಕ್ಯೂಟ್ ತುಂಡಾಗುವಂಥವು), ಎರಡು ಮೋಷನ್ ಸೆನ್ಸರ್, ಒಂದು ಸೈರನ್, ಅಲಾರಂ ಕೂಗಿದಾಗ ತಾನೇ ಫೋನ್ ಮಾಡುವ, ಸಿಮ್ ಹಾಕುವ ಡಯಲರ್, ಒಂದಿಷ್ಟು ತಂತಿ. ಫೆಬ್ರವರಿಯಲ್ಲಿ ಹಾಕಿದ್ದು. ಒಂದು ಪೂರ್ತಿ ಮಳೆಗಾಲ ನೋಡಿದ ಮೇಲೇ ಬರೆಯೋಣ ಅಂತ ಕಾದೆ.

ಪ್ಯಾನಲ್ ಚೆನ್ನಾಗಿದೆ. ಆದರೆ ಬರೀ ಪ್ಯಾನಲ್ ನೋಡಿ ಅಲಾರಂ ಕೊಳ್ಳಬೇಡಿ. ತಂತಿ ಯಾರು ಎಳೆದರು, ಹೇಗೆ ಎಳೆದರು ಅನ್ನೋದೇ ಮುಖ್ಯ.

ಒಂದು ಸಣ್ಣ ವಸ್ತುವಿನಿಂದ ಶುರು ಮಾಡುತ್ತೇನೆ. ಈ ಪ್ಯಾನಲ್ ತೆರೆದರೆ ಪ್ರತಿ ಝೋನಿನ ಟರ್ಮಿನಲ್‌ಗೂ ಒಂದೊಂದು ರೆಸಿಸ್ಟರ್ (ಕರೆಂಟ್ ಹರಿಯೋದನ್ನು ತಡೆಹಿಡಿಯುವ ಪುಟ್ಟ ಬಿಡಿಭಾಗ) ಸಿಕ್ಕಿಸಿ ಕೊಟ್ಟಿರುತ್ತಾರೆ. ನಮ್ಮದರಲ್ಲಿ 4.7 ಕೆ, ಅಂದರೆ 4,700 ಓಮ್, ಹಳದಿ, ನೇರಳೆ, ಕೆಂಪು ಪಟ್ಟಿ. ಜಾಸ್ತಿ ಜನ ಅದನ್ನು ಅಲ್ಲೇ ಬಿಟ್ಟು ತಂತಿ ಸೇರಿಸಿಬಿಡುತ್ತಾರೆ. ಅಲಾರಂ ಕೆಲಸ ಮಾಡುತ್ತದೆ, ಬಾಗಿಲು ತೆಗೆದರೆ ಕೂಗುತ್ತದೆ, ದುಡ್ಡು ಇಸಕೊಂಡು ಹೋಗುತ್ತಾರೆ. ಆದರೆ ಆ ರೆಸಿಸ್ಟರ್ ಇರಬೇಕಾದ್ದು ತಂತಿಯ ಆ ತುದಿಯಲ್ಲಿ, ಬಾಗಿಲಿನ ಸ್ವಿಚ್ ಹತ್ತಿರ. ಅಲ್ಲಿದ್ದರೆ ಬಾಗಿಲು ಮುಚ್ಚಿದಾಗ ಪ್ಯಾನಲ್‌ಗೆ 4.7 ಕೆ ಕಾಣುತ್ತದೆ. ಬಾಗಿಲು ತೆಗೆದರೆ, ಇಲ್ಲವೇ ತಂತಿ ಕತ್ತರಿಸಿದರೆ ಸರ್ಕ್ಯೂಟ್ ತುಂಡಾಗಿ ಕೂಗುತ್ತದೆ. ಯಾರಾದರೂ ಎರಡು ತಂತಿ ಸೇರಿಸಿ ಶಾರ್ಟ್ ಮಾಡಿದರೆ ಸೊನ್ನೆ ಕಾಣುತ್ತದೆ, ಆಗಲೂ ಕೂಗುತ್ತದೆ. ರೆಸಿಸ್ಟರ್ ಪ್ಯಾನಲ್ ಒಳಗೇ ಇದ್ದರೆ ಶಾರ್ಟ್ ಆದದ್ದು ಗೊತ್ತೇ ಆಗಲ್ಲ. ಇಲಿ ಕಡಿದು ಎರಡು ತಂತಿ ಅಂಟಿಕೊಂಡರೂ ಅಷ್ಟೇ, ಬಾಗಿಲು ಹಾರುಹೊಡೆದಿದ್ದರೂ ಮುಚ್ಚಿದೆ ಅಂದುಕೊಂಡು ಸುಮ್ಮನಿರುತ್ತದೆ. ಕಿಟ್ ಜೊತೆ ಬಂದ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಚಿತ್ರವೂ ಇಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಒಂದು ನಕ್ಷತ್ರ ಕಮ್ಮಿ. ನಿಮ್ಮ ಮನೆಯಲ್ಲಿ ಈಗಾಗಲೇ ಅಲಾರಂ ಇದ್ದರೆ ಇವತ್ತೇ ಡಬ್ಬಿ ತೆರೆದು ನೋಡಿ.

ಪ್ರತಿ ಬಾಗಿಲಿಗೂ ಬೇರೆ ಝೋನ್ ಕೊಡಿ. ನನ್ನ ಸ್ನೇಹಿತರ ಮನೆಯಲ್ಲಿ ಹಾಕಿದವರು ಆರು ಕಿಟಕಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಸೀರೀಸ್‌ನಲ್ಲಿ ಒಂದೇ ಝೋನಿಗೆ ಸೇರಿಸಿದ್ದರು. ಒಂದು ಜಾಯಿಂಟ್ ತುಕ್ಕು ಹಿಡಿದಾಗ ಯಾವ ಕಿಟಕಿ ಅಂತ ಹುಡುಕಲು ನನಗೆ ಒಂದು ಇಡೀ ದಿನ ಬೇಕಾಯ್ತು. ಜಾಯಿಂಟ್ ಅಂದರೆ ಸುಮ್ನೆ ತಿರುಚಿ ಟೇಪ್ ಸುತ್ತೋದಲ್ಲ. ಮಲೆನಾಡಿನ ಥಂಡಿಗೆ ಅದು ಎರಡು ವರ್ಷವೂ ತಡೆಯಲ್ಲ. ಬೆಸುಗೆ ಹಾಕಿ ಸ್ಲೀವ್ ಏರಿಸಿ. ಇನ್ನೂ ಒಳ್ಳೆಯದು ಅಂದರೆ ಸ್ವಿಚ್‌ನಿಂದ ಪ್ಯಾನಲ್‌ವರೆಗೆ ಜಾಯಿಂಟೇ ಇಲ್ಲದ ಹಾಗೆ ಒಂದೇ ತಂತಿ. 230 ವೋಲ್ಟ್ ಕರೆಂಟಿನ ತಂತಿ ಇರುವ ಪೈಪಿನಲ್ಲಿ ಅಲಾರಂ ತಂತಿ ಹಾಕಲೇಬೇಡಿ.

ಸೈರನ್ ವಿಷಯದಲ್ಲಿ ಕಿಟ್ ನನಗೆ ಬೇಸರ ತಂದಿತು. ಅಡಿಕೆ ಕೋಣೆಯ ಸೂರಿನ ಕೆಳಗೆ ಸೈರನ್ ಇಟ್ಟೆ, ಪ್ಯಾನಲ್‌ನಿಂದ 25 ಮೀಟರ್. ಕಿಟ್‌ನಲ್ಲಿ ಬಂದ ಸಪೂರ ತಂತಿಯಲ್ಲೇ ಸೇರಿಸಿದೆ. ಕೂಗಿತು, ಆದರೆ ಗಂಟಲು ಕಟ್ಟಿದ ಹಾಗೆ. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಲ್ಲಿ 12.7 ವೋಲ್ಟ್, ಸೈರನ್ ಹತ್ತಿರ 9.6. ಮೂರು ವೋಲ್ಟ್ ದಾರಿಯಲ್ಲೇ ಕರಗಿತ್ತು. ಹೋಗಿ ಬರುವ ದಾರಿ ಸೇರಿ 50 ಮೀಟರ್ ತಾಮ್ರ ಅಲ್ವಾ, ತಂತಿ ಸಪೂರ ಆದಷ್ಟೂ ನಷ್ಟ ಜಾಸ್ತಿ. ಮನೆ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್ ತಂತಿ ಎಳೆದ ಮೇಲೆ 12.2 ಬಂತು. ಈಗ ಕೂಗಿದರೆ ಪಕ್ಕದ ಮನೆಯ ಜಗಲಿಯಲ್ಲಿ ಸ್ಪಷ್ಟ ಕೇಳುತ್ತದೆ. ಮ್ಯಾಗ್ನೆಟ್ ಸ್ವಿಚ್ಚು, ಸೆನ್ಸರ್‌ಗಳಿಗೆ ಸಪೂರ ತಂತಿ ಸಾಕು, ಅವು ಎಳೆಯುವ ಕರೆಂಟ್ ತೀರಾ ಕಮ್ಮಿ. ಮನೆಯ ಒಳಗೆ ಇನ್ನೊಂದು ಸೈರನ್ ಬೇರೆಯಾಗಿ ತಂದು ಹಾಕಿದೆ. ಹೊರಗಿನದನ್ನು ಯಾರಾದರೂ ಕಿತ್ತರೂ ಒಳಗಿನದು ಕೂಗಲಿ ಅಂತ.

ಅಂಗಳ ದಾಟುವ ತಂತಿಯನ್ನು ಕಂಬದಿಂದ ಕಂಬಕ್ಕೆ ಎಳೆಯೋದು ಸುಲಭ ಇತ್ತು. ನಾನು ಎಳೆಯಲಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು ಟೆಲಿಫೋನ್ ಲೈನ್ ಹಿಡಿದು ಮನೆಯೊಳಗೆ ಬಂದು ಫೋನು ಸುಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ತೋಟಕ್ಕೆ ನೀರು ಬಿಡುವ ಕಪ್ಪು ಪೈಪ್ ಉಳಿದಿತ್ತು. ಅದರೊಳಗೆ ತಂತಿ ತೂರಿಸಿ ಒಂದೂವರೆ ಅಡಿ ಆಳದಲ್ಲಿ ಹೂತೆ. ಅಷ್ಟು ಮಾಡಿದರೆ ಸಿಡಿಲಿನ ಭಯ ಪೂರ್ತಿ ಹೋಯ್ತು ಅಂತಲ್ಲ, ತುಂಬಾ ಕಮ್ಮಿ ಆಗುತ್ತದೆ.

ಹಂಚಿನ ಮನೆಯವರಿಗೆ ಒಂದು ಮಾತು. ಬಾಗಿಲಿಗೆ ಎಷ್ಟು ಮ್ಯಾಗ್ನೆಟ್ ಹಾಕಿದರೂ ಹಂಚು ಸರಿಸಿ ಇಳಿಯುವವನು ಅವುಗಳಿಗೆ ಸಿಗಲ್ಲ. ಅಟ್ಟದ ಮೆಟ್ಟಿಲು ಇಳಿಯುವ ಜಾಗಕ್ಕೆ ಒಂದು ಮೋಷನ್ ಸೆನ್ಸರ್ ಬೇಕೇ ಬೇಕು. ಏಳು ಅಡಿ ಎತ್ತರದಲ್ಲಿ, ಮನುಷ್ಯ ಅದರ ಎದುರು ಅಡ್ಡ ಹಾದುಹೋಗುವ ಹಾಗೆ ಇಟ್ಟೆ. ನೇರ ಎದುರಿಗೆ ಬರುವವನಿಗಿಂತ ಅಡ್ಡ ಹೋಗುವವನನ್ನು ಅದು ಬೇಗ ಹಿಡಿಯುತ್ತದೆ. ಇದು ನೋಡುವುದು ಶಾಖದ ಬದಲಾವಣೆ. ಹಾಗಾಗಿ ಬಚ್ಚಲ ಒಲೆಯ ಕಡೆಗೆ, ಬಿಸಿಲು ಬೀಳುವ ಕಿಟಕಿಯ ಕಡೆಗೆ ಮುಖ ಮಾಡಿ ಇಡಬಾರದು.

ಮೊದಲ ವಾರ ಮೂರು ರಾತ್ರಿ ಸುಮ್ಮಸುಮ್ಮನೆ ಕೂಗಿತು. ಮೂರನೇ ಸಲ ಅಕ್ಕ ಫೋನಿನಲ್ಲಿ ಅಳುವುದೊಂದು ಬಾಕಿ. "ತಮ್ಮಾ, ಇದು ಬೇಡ, ಬಿಚ್ಚಿಬಿಡು" ಅಂದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಸೆನ್ಸರ್ ಬಿಚ್ಚಿ ನೋಡಿದರೆ ಹಿಂದೆ ತಂತಿ ಬರುವ ತೂತಿನೊಳಗೆ ಕಡ್ಡಿಯಷ್ಟು ಹಲ್ಲಿಮರಿ. ಲೆನ್ಸ್ ಹಿಂದೆ ಅದು ಓಡಾಡಿದರೆ ಸೆನ್ಸರ್‌ಗೆ ಮನುಷ್ಯ ಓಡಾಡಿದ ಹಾಗೇ. ತೂತಿಗೆ ಸಿಲಿಕಾನ್ ತುಂಬಿದೆ. ಒಳಗಿನ ಪಲ್ಸ್ ಜಂಪರನ್ನು ಒಂದರಿಂದ ಎರಡಕ್ಕೆ ಹಾಕಿದೆ, ಅಂದರೆ ಎರಡು ಸಲ ಚಲನೆ ಕಂಡರೆ ಮಾತ್ರ ಕೂಗುತ್ತದೆ. ಆಮೇಲೆ ಇವತ್ತಿನವರೆಗೆ ಆ ಸೆನ್ಸರ್ ಒಂದು ಸಲವೂ ಸುಳ್ಳು ಹೇಳಿಲ್ಲ.

ಜುಲೈನಲ್ಲಿ ಹಿತ್ತಲ ಬಾಗಿಲಿನ ತಕರಾರು ಬಂತು. ಮರ ಮಳೆಗೆ ಉಬ್ಬಿ ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ, ಮ್ಯಾಗ್ನೆಟ್ಟಿಗೂ ಸ್ವಿಚ್ಚಿಗೂ ನಡುವೆ ಒಂದು ಬೆರಳು ಸಂದು. ಬಾಗಿಲ ಅಂಚನ್ನು ಸ್ವಲ್ಪ ಹತ್ತರಿ ಹೊಡೆಸಿ, ಮ್ಯಾಗ್ನೆಟ್ ಹತ್ತಿರ ಸರಿಸಿದೆ. ಅಡಿಕೆ ಕೋಣೆಯದು ಕಬ್ಬಿಣದ ಬಾಗಿಲು, ಕಬ್ಬಿಣದ ಮೇಲೆ ನೇರ ಕೂರಿಸಿದರೆ ಮ್ಯಾಗ್ನೆಟ್‌ನ ಬಲ ಕುಗ್ಗುತ್ತದೆ. ಕೆಳಗೆ ಅರ್ಧ ಇಂಚಿನ ಮರದ ತುಂಡು ಕೊಟ್ಟು ಹಾಕಿದೆ.

ಬ್ಯಾಟರಿ ನನಗೆ ತುಂಬಾ ಖುಷಿ ಕೊಟ್ಟಿತು. ಒಂದು ಶನಿವಾರ ಸಂಜೆ 6 ಗಂಟೆಗೆ ಬೇಕಂತಲೇ ಕರೆಂಟ್ ತೆಗೆದೆ. ಸೋಮವಾರ ಬೆಳಿಗ್ಗೆ 6ಕ್ಕೆ ಇನ್ನೂ 11.8 ವೋಲ್ಟ್ ಇತ್ತು. ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ ಊರಿಗೆ ಇದು ದೊಡ್ಡ ವಿಷಯ.

ಡಯಲರ್ 2ಜಿ. ಜಿಯೋ ಸಿಮ್ ಇದರಲ್ಲಿ ನಡೆಯಲ್ಲ, ಜಿಯೋಗೆ 2ಜಿ ಇಲ್ಲ. ಬಿಎಸ್‌ಎನ್‌ಎಲ್ ಸಿಮ್ ಹಾಕಿದೆ. ಪ್ಯಾನಲ್ ಇರುವ ಮೂಲೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇತ್ತು, ವೈರ್ ಇರುವ ಆಂಟೆನಾ ತಂದು ಸೂರಿನ ಹತ್ತಿರ ಏರಿಸಿದ ಮೇಲೆ ಮೂರು ಬಂತು. ಕರೆ ಹೋಗುವ ಕ್ರಮ ಹೀಗಿಟ್ಟೆ: ಮೊದಲು ಪಕ್ಕದ ಮನೆ, ಆಮೇಲೆ ಎದುರು ದಿಬ್ಬದ ಮನೆ, ಆಮೇಲೆ ನಾನು. 112ಕ್ಕೆ ನೇರ ಹೋಗುವ ಹಾಗೆ ಇಡಬೇಡಿ. ಒಬ್ಬ ಮನುಷ್ಯ ನೋಡಿ, ಹೌದು ಅಂತ ಖಾತ್ರಿ ಮಾಡಿಕೊಂಡು 112ಕ್ಕೆ ಫೋನ್ ಮಾಡಲಿ.

"ನಡುರಾತ್ರಿ ಇದು ಕೂಗಿದ್ರೆ ನಾನೇನು ಮಾಡ್ಲಿ?" ಅಂತ ಅಕ್ಕ ಮೊದಲ ದಿನವೇ ಕೇಳಿದ್ದಳು. ಎದ್ದು ಬಾಗಿಲು ತೆಗೆಯಬೇಡ ಅಂದೆ. ಅವಳ ಮಂಚದ ತಲೆದಿಂಬಿನ ಪಕ್ಕ ಒಂದು ಗುಂಡಿ ಹಾಕಿಕೊಟ್ಟೆ. ಅದು 24 ಗಂಟೆಯ ಝೋನ್, ಅಲಾರಂ ಆಫ್ ಇದ್ದರೂ ಒತ್ತಿದರೆ ಕೂಗುತ್ತದೆ, ಕರೆಯೂ ಹೋಗುತ್ತದೆ. ಒಬ್ಬರೇ ಇರುವ ಹಿರಿಯರ ಮನೆಗೆ ಬೇರೇನು ಬಿಟ್ಟರೂ ಈ ಗುಂಡಿ ಬಿಡಬೇಡಿ. ಬಿದ್ದು ಕಾಲು ಉಳುಕಿದರೂ ಬೇಕಾಗುತ್ತದೆ.

ಪ್ರತಿ ತಿಂಗಳು ಒಂದನೇ ತಾರೀಕು ಸಂಜೆ 5 ಗಂಟೆಗೆ ಅಕ್ಕ ಅಲಾರಂ ಆನ್ ಮಾಡಿ ಹಿತ್ತಲ ಬಾಗಿಲು ತೆಗೆಯುತ್ತಾಳೆ. ಸೈರನ್ ಕೂಗುತ್ತದೆ. ಪಕ್ಕದ ಮನೆಯವರು ಫೋನ್ ನೋಡಿ ಜಗಲಿಗೆ ಬಂದು ಕೈ ಎತ್ತುತ್ತಾರೆ. ಆಮೇಲೆ ಅವಳು ಕ್ಯಾಲೆಂಡರಿನಲ್ಲಿ ಸಿಮ್ ರೀಚಾರ್ಜಿಗೆ ಗುರುತು ಹಾಕಿದ ತಾರೀಕು ನೋಡಿ ನನಗೆ ಫೋನ್ ಮಾಡುತ್ತಾಳೆ.